ಗೌರವಧನದಲ್ಲಿ ಗೌರವವೆಷ್ಟು, ಧನವೆಷ್ಟು?

(ಬೇತಮಂಗಲದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಲ್ಲಿಯಲ್ಲಿ ನೀರು ಬಾರದಿದ್ದರೆ, ಬೀದಿ ದೀಪ ಕೆಟ್ಟರೆ ನಾವು ಶಾಸಕರ ಮನೆಗೆ ಹೋಗುವುದಿಲ್ಲ. ನಮ್ಮ ಬೀದಿಯ ಪಂಚಾಯತಿ ಸದಸ್ಯರ ಬಾಗಿಲು ತಟ್ಟುತ್ತೇವೆ. ಆದರೆ ಆ ಬಾಗಿಲಿನ ಒಳಗೆ ಒಲೆ ಹೇಗೆ ಉರಿಯುತ್ತಿದೆಯೆಂದು ನಾವು ಎಂದಾದರೂ ವಿಚಾರಿಸಿದ್ದೇವೆಯೇ?

2022ರಲ್ಲಿ ರಾಜ್ಯ ಸರಕಾರವು ಗ್ರಾಮ ಪಂಚಾಯತಿ ಸದಸ್ಯರ ಮಾಸಿಕ ಗೌರವಧನವನ್ನು 1,000 ರೂಪಾಯಿಯಿಂದ 2,000ಕ್ಕೆ, ಅಧ್ಯಕ್ಷರದ್ದನ್ನು 3,000ದಿಂದ 6,000ಕ್ಕೆ ಏರಿಸಿತು. ದ್ವಿಗುಣ ಎಂಬ ಮಾತು ಕೇಳಲು ಹಿತವಾಗಿದೆ. ಆದರೆ 2025-26ರಲ್ಲಿ ಉದ್ಯೋಗ ಖಾತರಿಯ ದಿನಗೂಲಿಯೇ ನಮ್ಮ ರಾಜ್ಯದಲ್ಲಿ 370 ರೂಪಾಯಿಯಿತ್ತು. ಸದಸ್ಯರ ಆ ಒಂದು ತಿಂಗಳ ಗೌರವಧನ ಆರು ದಿನಗಳ ಕೂಲಿಗೂ ಸಾಲದು. ಇತ್ತ 2025ರ ಮಾರ್ಚ್‌ನಲ್ಲಿ, ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಶಾಸಕರ ಮಾಸಿಕ ವೇತನ 40,000ದಿಂದ 80,000ಕ್ಕೇರಿತು. ಭತ್ಯೆಗಳು ಬೇರೆ. ಶಾಸಕರು ತಮ್ಮ ವೇತನವನ್ನು ತಾವೇ ನಿರ್ಧರಿಸುತ್ತಾರೆ. ಪಂಚಾಯತಿ ಸದಸ್ಯರು ಸರಕಾರದ ಆದೇಶಕ್ಕೆ ಕಾಯಬೇಕು.

ಸೇವೆಗೆ ಸಂಬಳವೇಕೆ ಎಂದು ಕೆಲವರು ಕೇಳುತ್ತಾರೆ. ನಾವು ಮರುಪ್ರಶ್ನೆ ಕೇಳುತ್ತೇವೆ: ಸಂಬಳವಿಲ್ಲದೆ ಸೇವೆ ಮಾಡಲು ಯಾರಿಗೆ ಸಾಧ್ಯ? 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿ ಮುಚ್ಚಿದ ಬಳಿಕ ಈ ಸೀಮೆಯ ಸಾವಿರಾರು ಮಂದಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲೊಬ್ಬರು ಸದಸ್ಯರಾದರೆ ಕೆಲಸದ ದಿನ ನಡೆಯುವ ಸಭೆಗೆ ಬರುವುದು ಹೇಗೆ? ಬಂದರೆ ಕೂಲಿ ಹೋಯಿತು, ಬಾರದಿದ್ದರೆ ಬೀದಿಯ ಪರವಾಗಿ ಮಾತನಾಡುವವರಿಲ್ಲ. ಅರ್ಧದಷ್ಟು ಸ್ಥಾನಗಳನ್ನು ಮಹಿಳೆಯರಿಗೆ ಮೀಸಲಿಟ್ಟಿದ್ದೇವೆ. ಹೊಲದ ಕೂಲಿಯನ್ನು ಬಿಟ್ಟು, ಮಗುವನ್ನು ನೆರೆಮನೆಯಲ್ಲಿ ಬಿಟ್ಟು ಬರುವ ಸಹೋದರಿಗೆ ನಾವು ಕೊಟ್ಟ ಅನುಕೂಲವೇನು? ಕೊನೆಗೆ ಕುರ್ಚಿ ಉಳಿಯುವುದು ಜಮೀನುದಾರನಿಗೆ, ಗುತ್ತಿಗೆದಾರನಿಗೆ, ಇಲ್ಲವೇ ಸದಸ್ಯೆಯ ಹೆಸರಿನಲ್ಲಿ ಅಧಿಕಾರ ನಡೆಸುವ ಪತಿಗೆ.

ಬಡತನವು ಲಂಚಕ್ಕೆ ಸಮರ್ಥನೆಯಲ್ಲ. ಕೋಟ್ಯಧೀಶರೂ ಲಂಚ ತಿನ್ನುತ್ತಾರೆ. ಆದರೆ ನ್ಯಾಯವಾದ ವೇತನ ಕೊಡದ ಸಮಾಜಕ್ಕೆ ಲೆಕ್ಕ ಕೇಳುವ ನೈತಿಕ ಬಲ ಕುಗ್ಗುತ್ತದೆ. ಹಝ್ರತ್ ಅಬೂಬಕರ್(ರ) ಖಲೀಫರಾದ ಮೇಲೂ ಬಟ್ಟೆಯ ಗಂಟು ಹೊತ್ತು ಮಾರುಕಟ್ಟೆಗೆ ಹೊರಟಾಗ ಹಝ್ರತ್ ಉಮರ್(ರ) ತಡೆದರೆಂದೂ, ಬಳಿಕ ಸಾರ್ವಜನಿಕ ಖಜಾನೆಯಿಂದ ಅವರಿಗೆ ಜೀವನ ವೇತನ ನಿಗದಿಯಾಯಿತೆಂದೂ ಚರಿತ್ರೆ ಹೇಳುತ್ತದೆ. ಜನರ ಹೊಣೆ ಹೊತ್ತವರ ಮನೆಯ ಹೊಣೆ ಜನರದು ಎಂಬುದೇ ಇದರ ತಿರುಳು. ಐಷಾರಾಮಕ್ಕೆ ಅಲ್ಲಿ ಎಡೆಯಿರಲಿಲ್ಲ, ಹಸಿವಿಗೂ ಇರಲಿಲ್ಲ.

ಗಣಿಗೆ ನೀರುಣಿಸಿದ ಬೇತಮಂಗಲಕ್ಕೆ 'ನೀರ್ ಸಾಬ್' ಎಂದರೆ ಯಾರೆಂದು ವಿವರಿಸಬೇಕಿಲ್ಲ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊಟ್ಟ ಸಚಿವ ಅಬ್ದುಲ್ ನಜೀರ್ ಸಾಬರು, 1983ರ ಕಾಯ್ದೆಯ ಮೂಲಕ ಹಳ್ಳಿಗೆ ಅಧಿಕಾರವನ್ನೂ ತಂದರು. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನವೇ ದೊರೆಯಿತು. ಅಧಿಕಾರ ಕೊಟ್ಟರೆ ಸಾಲದು, ಘನತೆಯನ್ನೂ ಕೊಡಬೇಕೆಂದು ಅವರು ಅರಿತಿದ್ದರು. ಆ ಘನತೆ ಕೆಳಗಿನ ಮೆಟ್ಟಿಲಿಗೆ ಇನ್ನೂ ಇಳಿದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳ. ಸಭೆಗೂ ಜನರ ಕೆಲಸಕ್ಕೂ ವ್ಯಯವಾಗುವ ದಿನಗಳಿಗೆ ಕನಿಷ್ಠ ಕೂಲಿಗೆ ಕಡಿಮೆಯಿಲ್ಲದ ವೇತನ ಸಿಗಲಿ. ಅದು ತಿಂಗಳಿಗೆ ಸರಿಯಾಗಿ ಕೈಸೇರಲಿ. ದುಡಿಯುವವರು ಬರಬಹುದಾದ ದಿನದಲ್ಲಿ ಸಭೆ ನಡೆಯಲಿ. ಹಸುಗೂಸಿನ ತಾಯಿಗೆ ಕಚೇರಿಯಲ್ಲಿ ಒಂದು ಮೂಲೆಯಿರಲಿ.

ನಮ್ಮ ಮೇಲೂ ಒಂದು ಹೊಣೆಯಿದೆ. ಗ್ರಾಮಸಭೆಗೆ ಹೋಗೋಣ, ಖರ್ಚಿನ ಲೆಕ್ಕ ಕೇಳೋಣ. ಚುನಾವಣೆಯ ರಾತ್ರಿ ನೋಟಿಗೆ ಕೈಚಾಚದಿರೋಣ. ಮತ ಮಾರಿದವರು ಬೆಳಗಾದ ಮೇಲೆ ಯಾವ ಬಾಯಿಯಿಂದ ಲೆಕ್ಕ ಕೇಳಿಯಾರು? ನ್ಯಾಯವಾದ ವೇತನ ಕೊಡೋಣ, ಅಷ್ಟೇ ನಿಷ್ಠುರವಾಗಿ ಲೆಕ್ಕವನ್ನೂ ಕೇಳೋಣ.