ಸಕ್ಕರೆಯ ಅಂಕಿಯೊಂದೇ ಸಾಲದು: ಮಧುಮೇಹದಲ್ಲಿ ರಕ್ತನಾಳ ಮತ್ತು ರಕ್ತದ ಕೊಬ್ಬು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದ ಉಪನ್ಯಾಸ ಪಠ್ಯ)



ಆರೋಗ್ಯ ಶಿಬಿರಗಳಲ್ಲಿ ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆಯ ಪ್ರಮಾಣ ನೋಡುವುದು ಈಗ ಗ್ರಾಮಗಳಲ್ಲಿಯೂ ರೂಢಿಯಾಗಿದೆ. ಇದು ಸ್ವಾಗತಾರ್ಹ. ಆದರೆ ‘ಶುಗರ್ ಕಂಟ್ರೋಲ್‌ನಲ್ಲಿದೆ’ ಎಂಬ ಸಮಾಧಾನದಿಂದ ಮನೆಗೆ ಮರಳಿದವರೂ ಹೃದಯಾಘಾತಕ್ಕೆ, ಪಾರ್ಶ್ವವಾಯುವಿಗೆ ತುತ್ತಾಗುವುದುಂಟು. ಟೈಪ್ 2 ಮಧುಮೇಹಿಗಳ ಸಾವಿಗೆ ಹೃದಯ ಹಾಗೂ ರಕ್ತನಾಳಗಳ ಕಾಯಿಲೆಯೇ ಪ್ರಮುಖ ಕಾರಣವಾಗಿದೆ.

ಕುಡಿಯುವ ನೀರಿನ ಕೊಳವೆ ಮಾರ್ಗದ ನಿರ್ವಹಣೆ ಸದಸ್ಯರಿಗೆ ಚಿರಪರಿಚಿತ. ರಕ್ತನಾಳವನ್ನು ಕೊಳವೆಗೆ ಹೋಲಿಸುವುದು ವಾಡಿಕೆಯಾದರೂ ಹೋಲಿಕೆ ಅರ್ಧ ಮಾತ್ರ ಸರಿ. ಪಿವಿಸಿ ಕೊಳವೆ ನಿರ್ಜೀವ, ರಕ್ತನಾಳ ಸಜೀವ. ಅದರ ಒಳಮೈಯಲ್ಲಿ ಒಂದೇ ಜೀವಕೋಶದಷ್ಟು ದಪ್ಪದ ತೆಳು ಪದರವಿದೆ. ಈ ಪದರವು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸಿ, ಅಗತ್ಯಕ್ಕೆ ತಕ್ಕಂತೆ ನಾಳವನ್ನು ಹಿಗ್ಗಿಸುತ್ತದೆ. ಒಳಗೆ ರಕ್ತ ಹೆಪ್ಪುಗಟ್ಟದಂತೆ ಕಾಯುತ್ತದೆ. ಈ ಅನಿಲದ ಪಾತ್ರವನ್ನು ತಿಳಿಯಪಡಿಸಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ ಮತ್ತು ಫೆರಿದ್ ಮುರಾದ್ ಅವರಿಗೆ 1998ರಲ್ಲಿ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಮಧುಮೇಹದಲ್ಲಿ ಈ ಪದರಕ್ಕೆ ಎರಡು ಕಡೆಯಿಂದ ಪೆಟ್ಟು ಬೀಳುತ್ತದೆ. ದೇಹವು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದೆ ಸಕ್ಕರೆ ಏರಿದಾಗ ನೈಟ್ರಿಕ್ ಆಕ್ಸೈಡ್ ಕುಗ್ಗಿ ನಾಳವು ಬಿಗಿಯುತ್ತದೆ. ಅದೇ ವೇಳೆಗೆ ಯಕೃತ್ತು ಅಧಿಕ ಕೊಬ್ಬನ್ನು ರಕ್ತಕ್ಕೆ ಬಿಡತೊಡಗುತ್ತದೆ. ಪರಿಣಾಮವಾಗಿ ಟ್ರೈಗ್ಲಿಸರೈಡ್ ಏರುತ್ತದೆ. ಒಳ್ಳೆಯ ಕೊಲೆಸ್ಟ್ರಾಲ್ ಎನಿಸಿದ ಎಚ್‌ಡಿಎಲ್ ಇಳಿಯುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಆದ ಎಲ್‌ಡಿಎಲ್‌ನ ಕಣಗಳು ಸಣ್ಣವಾಗಿ, ನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ಇವೆಲ್ಲವೂ ವರ್ಷಗಟ್ಟಲೆ ಯಾವ ನೋವೂ ಇಲ್ಲದೆ ನಡೆಯುತ್ತವೆ. ಬೆರಳ ತುದಿಯ ಸಕ್ಕರೆ ಪರೀಕ್ಷೆಯಲ್ಲಿ ಇದರ ಸುಳಿವು ಸಿಗದು.

ಕೊಬ್ಬೆಂದರೆ ತುಪ್ಪ, ಮಾಂಸ ಮಾತ್ರವೆಂಬ ಭಾವನೆಯೂ ಪೂರ್ಣ ಸರಿಯಲ್ಲ. ಅಗತ್ಯ ಮೀರಿ ತಿಂದ ಅನ್ನ, ಸಿಹಿ ಹಾಗೂ ಕುಡಿದ ಮದ್ಯವೂ ಟ್ರೈಗ್ಲಿಸರೈಡನ್ನು ಏರಿಸುತ್ತವೆ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹವಿದ್ದರೆ, ಶೇ. 81.2 ಮಂದಿಯಲ್ಲಿ ರಕ್ತದ ಕೊಬ್ಬಿನ ಯಾವುದಾದರೊಂದು ಏರುಪೇರು ಕಂಡುಬಂದಿದೆ.

ಪರಿಹಾರವಿದೆ. ಡೆನ್ಮಾರ್ಕ್‌ನಲ್ಲಿ 160 ಮಧುಮೇಹಿಗಳ ಮೇಲೆ ನಡೆದ ‘ಸ್ಟೆನೊ–2’ ಅಧ್ಯಯನವು ಸಕ್ಕರೆ, ರಕ್ತದೊತ್ತಡ, ಕೊಬ್ಬು ಮತ್ತು ಜೀವನಕ್ರಮ ಎಲ್ಲವನ್ನೂ ಒಟ್ಟಿಗೆ ನಿಭಾಯಿಸಿದಾಗ ಹೃದಯ–ರಕ್ತನಾಳ ಕಾಯಿಲೆಯ ಅಪಾಯ ಸುಮಾರು ಅರ್ಧದಷ್ಟು ತಗ್ಗಿದುದನ್ನು 2003ರಲ್ಲಿ ತೋರಿಸಿಕೊಟ್ಟಿತು.

ಆದ್ದರಿಂದ ಗ್ರಾಮ ಪಂಚಾಯಿತಿಗಳು ಈ ಕೆಳಗಿನ ಅಂಶಗಳತ್ತ ಗಮನ ಹರಿಸುವುದು ಸೂಕ್ತ:

1. ಮಧುಮೇಹ ಪತ್ತೆಯಾದವರು ವರ್ಷಕ್ಕೊಮ್ಮೆಯಾದರೂ ಲಿಪಿಡ್ ಪ್ರೊಫೈಲ್, ರಕ್ತದೊತ್ತಡ, ಮೂತ್ರ, ಕಣ್ಣು ಮತ್ತು ಪಾದಗಳ ತಪಾಸಣೆ ಮಾಡಿಸಿಕೊಳ್ಳುವಂತೆ ಆಶಾ ಕಾರ್ಯಕರ್ತೆಯರು ಹಾಗೂ ಸಮುದಾಯ ಆರೋಗ್ಯಾಧಿಕಾರಿಗಳ ಸಹಕಾರದಿಂದ ನೋಡಿಕೊಳ್ಳುವುದು. ದೂರದ ಆಸ್ಪತ್ರೆಗೆ ಹೋಗಲಾಗದ ವೃದ್ಧರಿಗಾಗಿ ರಕ್ತದ ಮಾದರಿಯನ್ನು ಗ್ರಾಮದಲ್ಲೇ ಸಂಗ್ರಹಿಸುವಂತೆ ವೈದ್ಯಾಧಿಕಾರಿಗಳನ್ನು ಕೋರುವುದು.

2. ರೋಗಿಗಳ ಹೆಸರನ್ನು ಸೂಚನಾ ಫಲಕದಲ್ಲಿ ಹಾಕಬಾರದು, ಸಭೆಯಲ್ಲಿ ಓದಬಾರದು. ಗುಟ್ಟು ಉಳಿಯದೆಂಬ ಅಳುಕಿದ್ದರೆ ಜನ ತಪಾಸಣೆಗೆ ಬರುವುದಿಲ್ಲ.

3. ಅಂಕಿ ಸರಿಹೋಯಿತೆಂದು ಕೊಲೆಸ್ಟ್ರಾಲ್ ಅಥವಾ ರಕ್ತದೊತ್ತಡದ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದೆಂದು ತಿಳಿಹೇಳುವುದು. ಮಾತ್ರೆಯಿಂದಲೇ ಅಂಕಿ ಸರಿಹೋಗಿರುತ್ತದೆ.

4. ಬೀಡಿ, ಸಿಗರೇಟು, ತಂಬಾಕಿನ ವಿರುದ್ಧ ಅರಿವು ಮೂಡಿಸುವುದು. ಮಹಿಳೆಯರೂ ನಿರ್ಭಯವಾಗಿ ನಡೆದಾಡಲು ಬೀದಿದೀಪವುಳ್ಳ ದಾರಿ ಕಲ್ಪಿಸುವುದು. ನಡಿಗೆಯಿಂದ ನಾಳದ ಒಳಪದರದ ಕೆಲಸ ಸುಧಾರಿಸುತ್ತದೆ.

ಮನೆಯ ದುಡಿಯುವ ಕೈ ಒಂದು ಬಿದ್ದರೆ ಇಡೀ ಕುಟುಂಬ ಸಾಲಕ್ಕೆ ಬೀಳುವುದನ್ನು ಪ್ರತಿಯೊಬ್ಬ ಸದಸ್ಯರೂ ತಮ್ಮ ವಾರ್ಡಿನಲ್ಲಿ ಕಂಡಿರುತ್ತಾರೆ. ಮುಂದಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ ‘ಎಷ್ಟು ಮಂದಿಗೆ ಶುಗರ್ ಇದೆ’ ಎಂಬ ಪ್ರಶ್ನೆಯ ಜೊತೆಗೆ, ‘ಅವರಲ್ಲಿ ಎಷ್ಟು ಮಂದಿಯ ರಕ್ತದ ಕೊಬ್ಬು ಮತ್ತು ರಕ್ತದೊತ್ತಡ ಪರೀಕ್ಷೆಯಾಗಿದೆ’ ಎಂಬ ಪ್ರಶ್ನೆಯನ್ನೂ ಕೇಳುವುದರಿಂದ ಈ ಕಾರ್ಯ ಆರಂಭವಾಗಲಿ.