ಉಡುಪಿನ ಸೊಗಸೂ ಕಿಸೆಯ ಮಿತಿಯೂ

ಬಟ್ಟೆಬರೆಯ ವಿಚಾರದಲ್ಲಿ ನೆನಪಿಡಬೇಕಾದ ಎರಡು ಗಾದೆಗಳನ್ನು ನಮ್ಮ ಹಿರಿಯರು ಬಿಟ್ಟುಹೋಗಿದ್ದಾರೆ. ಒಂದು, 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂಬುದು. ಇನ್ನೊಂದು, 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬುದು. ನಾಲ್ಕು ಜನ ಮೆಚ್ಚುವಂತೆ ಉಡು ಎಂದು ಮೊದಲನೆಯದು ಹೇಳಿದರೆ, ಕಿಸೆಯನ್ನು ಮುಟ್ಟಿ ನೋಡಿಕೊಂಡು ಉಡು ಎಂದು ಎರಡನೆಯದು ಎಚ್ಚರಿಸುತ್ತದೆ. ಇವೆರಡರ ನಡುವಣ ಇಕ್ಕಟ್ಟಿನಲ್ಲಿಯೇ ನಮ್ಮಂಥ ಮಧ್ಯಮವರ್ಗದವರ ಬಾಳು ಸಾಗುತ್ತದೆ.

ಇದು ಬಲು ಹಗುರವಾದ ವಿಷಯವೆಂದು ಮೂಗು ಮುರಿಯುವವರುಂಟು. ಆದರೆ ಕೆಲಸದ ಸಂದರ್ಶನಕ್ಕೆ ಹೊರಡಬೇಕಾದ ದಿನ, ಇಲ್ಲವೆ ಸಿರಿವಂತ ಬಂಧುಗಳ ಮದುವೆಗೆ ಹೋಗಬೇಕಾದ ದಿನ, ಇರುವ ನಾಲ್ಕೇ ಸೀರೆಗಳನ್ನು ಪೆಟ್ಟಿಗೆಯ ಮುಂದೆ ಕುಳಿತು ಮತ್ತೆ ಮತ್ತೆ ಮಗುಚಿಹಾಕಿದ ಹೆಣ್ಣುಮಗಳಿಗೆ ಅದರ ಭಾರ ಗೊತ್ತು. ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಹಣವಿಲ್ಲದವರಿಗೆ ಆ ಆಸೆ ಸಲ್ಲದು ಎನ್ನುವುದು ತಪ್ಪು. ಹಾಗಾದರೆ ಕಡಮೆ ಹಣದಲ್ಲಿ ಹೊಸ ಮಾದರಿಯ ಉಡುಪನ್ನು ಉಡುವುದು ಹೇಗೆ? 'ಕಡಮೆ ಹಣ' ಎಂಬ ಮಾತಿಗೆ ನಿಜವಾದ ಅರ್ಥವಾದರೂ ಏನು? ಶ್ರೋತೃಗಳೇ, ಇಂದು ನಾನು ನಿಮ್ಮೊಡನೆ ವಿಚಾರಮಾಡಬೇಕೆಂದಿರುವುದು ಈ ಎರಡು ಪ್ರಶ್ನೆಗಳನ್ನು.

ಹೆಸರುವಾಸಿ ವಿನ್ಯಾಸಕರು ವರ್ಷವರ್ಷವೂ ಹೊಸ ಮಾದರಿಗಳನ್ನು ಹೊರಡಿಸುವ ಪದ್ಧತಿ ನಾವು ತಿಳಿದಷ್ಟು ಪುರಾತನವಾದುದಲ್ಲ. ಮೊದಲು ಗಿರಾಕಿ ಹೇಳಿದಂತೆ ದರ್ಜಿ ಹೊಲಿಯುತ್ತಿದ್ದ. ಚಾರ್ಲ್ಸ್ ಫ್ರೆಡರಿಕ್ ವರ್ತ್ ಎಂಬ ಆಂಗ್ಲನೊಬ್ಬ 1858ರಲ್ಲಿ ಪ್ಯಾರಿಸ್ಸಿನಲ್ಲಿ ಅಂಗಡಿ ತೆರೆದು, ಮಾದರಿಗಳನ್ನು ತಾನೇ ರೂಪಿಸಿ, ಇವುಗಳಲ್ಲಿ ನಿಮಗೆ ಬೇಕಾದುದನ್ನು ಆರಿಸಿಕೊಳ್ಳಿ ಎಂದು ಗಿರಾಕಿಗಳ ಮುಂದಿಟ್ಟ. ಚಿತ್ರಕಾರ ತನ್ನ ಚಿತ್ರಕ್ಕೆ ರುಜು ಹಾಕುವಂತೆ ಉಡುಪಿನೊಳಗೆ ತನ್ನ ಹೆಸರಿನ ಪಟ್ಟಿಯನ್ನು ಹೊಲಿಸಿದ. ಫ್ರಾನ್ಸಿನ ಸಾಮ್ರಾಜ್ಞಿ ಯೂಜಿನಿಯೇ ಅವನ ಗಿರಾಕಿಯಾದಳು. ಇದಾದ ಐದೇ ವರ್ಷಕ್ಕೆ, 1863ರಲ್ಲಿ, ಅಮೆರಿಕದ ಎಬನೆಜರ್ ಬಟರಿಕ್ ಎಂಬ ದರ್ಜಿ ಬೇರೆ ಬೇರೆ ಅಳತೆಗೆ ಕತ್ತರಿಸಿದ ಕಾಗದದ ಮಾದರಿಗಳನ್ನು ಮಾರತೊಡಗಿದ. ಮೊದಲು ಗಂಡಸರ ಮತ್ತು ಹುಡುಗರ ಉಡುಪಿಗೆ, ಬಳಿಕ ಹೆಂಗಸರ ಉಡುಪಿಗೆ. ಆ ಕಾಗದವನ್ನು ಬಟ್ಟೆಯ ಮೇಲೆ ಹರಡಿ ಕತ್ತರಿಸಿಕೊಂಡರೆ ಹೊಸ ಮಾದರಿಯನ್ನು ಮನೆಯಲ್ಲಿಯೇ ಹೊಲಿದುಕೊಳ್ಳಬಹುದಾಗಿತ್ತು. ರಾಣಿಗೆ ಉಡುಪು ಹೊಲಿಯುವ ಅಂಗಡಿಯೂ ಸಾಮಾನ್ಯ ಗೃಹಿಣಿಯ ಕಾಗದವೂ ಹೀಗೆ ಹೆಚ್ಚುಕಡಮೆ ಒಟ್ಟಿಗೇ ಹುಟ್ಟಿದವು. ಸೊಗಸು ಹುಟ್ಟಿದ ಬೆನ್ನಿಗೇ ಅದನ್ನು ಅಗ್ಗದಲ್ಲಿ ಪಡೆಯುವ ಉಪಾಯವೂ ಹುಟ್ಟಿತು.

ಆ ಉಪಾಯಕ್ಕೆ ದೊಡ್ಡ ಪರೀಕ್ಷೆ ಒದಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರ ಜೂನ್ 1ರಂದು ಬ್ರಿಟನ್ನಿನಲ್ಲಿ ಬಟ್ಟೆಗೂ ಪಡಿತರ ಬಂದಿತು. ಮೊದಲ ವರ್ಷ ಒಬ್ಬೊಬ್ಬರಿಗೆ 66 ಕೂಪನ್ನುಗಳು. ಮುಂದೆ ಅದೂ ಇಳಿಯಿತು. ಹೆಂಗಸರ ಉಣ್ಣೆಯ ಉಡುಪೊಂದಕ್ಕೆ 11 ಕೂಪನ್ನು, ಒಂದು ಜೊತೆ ಪಾದರಕ್ಷೆಗೆ 5. ಕೈಯಲ್ಲಿ ಹಣವಿದ್ದರೂ ಕೂಪನ್ನಿಲ್ಲದೆ ಬಟ್ಟೆಯಿಲ್ಲ. 1942ರಲ್ಲಿ ಸರ್ಕಾರ ಗುಂಡಿ, ಜೇಬು, ನೆರಿಗೆಗಳಿಗೂ ಮಿತಿ ವಿಧಿಸಿತು. ಅದೇ ವರ್ಷ ಒಂದು ಒಳ್ಳೆಯ ಕೆಲಸವನ್ನೂ ಮಾಡಿತು. ರಾಜಮನೆತನಕ್ಕೆ ಉಡುಪು ಸಿದ್ಧಪಡಿಸುತ್ತಿದ್ದ ನಾರ್ಮನ್ ಹಾರ್ಟ್‌ನೆಲ್ ಮುಂತಾದ ಲಂಡನ್ನಿನ ಶ್ರೇಷ್ಠ ವಿನ್ಯಾಸಕರಿಂದಲೇ ಜನಸಾಮಾನ್ಯರ ಮಿತವ್ಯಯದ ಉಡುಪಿಗೆ ಮಾದರಿಗಳನ್ನು ಮಾಡಿಸಿತು. ಬಟ್ಟೆ ಕಡಮೆಯಾದ ಮಾತ್ರಕ್ಕೆ ಕತ್ತರಿಯ ಕೌಶಲ ಕಡಮೆಯಾಗಬೇಕಿಲ್ಲವೆಂಬುದು ಇದರಿಂದ ತಿಳಿಯಿತು.

ಯುದ್ಧ ಮುಗಿದರೂ ಪಡಿತರ ಮುಗಿಯಲಿಲ್ಲ. ಹೀಗಿರುವಾಗ 1947ರ ಫೆಬ್ರವರಿ 12ರಂದು ಪ್ಯಾರಿಸ್ಸಿನಲ್ಲಿ ಕ್ರಿಸ್ಟಿಯನ್ ಡಿಯೋರ್ ಎಂಬಾತ ತನ್ನ ಮೊದಲ ಪ್ರದರ್ಶನ ನಡೆಸಿದ. ಸಣ್ಣ ನಡು, ದುಂಡು ಹೆಗಲು, ಮೀನಖಂಡದವರೆಗೆ ಇಳಿಬಿದ್ದು ಹೂವಿನಂತೆ ಅರಳಿದ ಲಂಗ. ಅಮೆರಿಕದ ಪತ್ರಿಕಾ ಸಂಪಾದಕಿ ಕಾರ್ಮೆಲ್ ಸ್ನೋ ಇದನ್ನು 'ನ್ಯೂ ಲುಕ್' ಎಂದು ಕರೆದಳು. ಆ ಹೆಸರೇ ನಿಂತಿತು. ಗಜಗಟ್ಟಲೆ ಬಟ್ಟೆ ನುಂಗುವ ಈ ಉಡುಪನ್ನು ಕಂಡು ಬ್ರಿಟಿಷ್ ವ್ಯಾಪಾರ ಮಂಡಳಿಯ ಅಧ್ಯಕ್ಷ ಸರ್ ಸ್ಟಾಫರ್ಡ್ ಕ್ರಿಪ್ಸ್ ಕಿಡಿಕಿಡಿಯಾದರು. 1942ರಲ್ಲಿ ಸಂಧಾನಕ್ಕೆಂದು ನಮ್ಮ ದೇಶಕ್ಕೆ ಬಂದಿದ್ದ ಕ್ರಿಪ್ಸ್ ಅವರೇ ಇವರು. ಗಿಡ್ಡ ಲಂಗವೇ ಬಳಕೆಯಲ್ಲಿ ಉಳಿಯಲೆಂದು ಅವರು ವಿನ್ಯಾಸಕರನ್ನು ಒತ್ತಾಯಿಸಿದರು. ಭಾರತದ ಸಂಧಾನದಂತೆಯೇ ಇದೂ ಫಲಿಸಲಿಲ್ಲ!

ಲಂಡನ್ನಿನ ಟೈಪಿಸ್ಟ್ ಹುಡುಗಿಗೆ ಡಿಯೋರನ ಉಡುಪು ಕೊಳ್ಳಲು ಹಣವೂ ಇಲ್ಲ, ಕೂಪನ್ನೂ ಇಲ್ಲ. ಆದರೂ ಅವಳಂಥವರು ಸುಮ್ಮನೆ ಕೂರಲಿಲ್ಲ. ಹಳೆಯ ಲಂಗದ ಅಂಚಿಗೆ ಬೇರೆ ಬಣ್ಣದ ಪಟ್ಟಿ ಸೇರಿಸಿ ಉದ್ದ ಮಾಡಿಕೊಂಡರು. ಬೆಳಕು ಹೊರಬೀಳದಂತೆ ಯುದ್ಧಕಾಲದಲ್ಲಿ ಕಿಟಕಿಗೆ ಕಟ್ಟಿದ್ದ ಕಪ್ಪು ಪರದೆಯನ್ನು ಇಳಿಸಿ ಲಂಗ ಹೊಲಿದರು. ಪ್ಯಾರಾಚೂಟಿನ ರೇಷ್ಮೆಯಿಂದ ರವಿಕೆ, ಒಳಉಡುಪುಗಳನ್ನು ಮಾಡಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ ಮದುವೆಯಾದಾಗ ಆಕೆಯ ಮದುವೆಯ ಉಡುಪಿಗೂ ಕೂಪನ್ನು ಬೇಕಾಯಿತು. ಎಷ್ಟೋ ಹೆಂಗಸರು ತಮ್ಮ ಕೂಪನ್ನುಗಳನ್ನೇ ಅಂಚೆಯಲ್ಲಿ ಕಳಿಸಿದರಂತೆ! ಒಬ್ಬರ ಕೂಪನ್ನನ್ನು ಇನ್ನೊಬ್ಬರು ಬಳಸುವುದು ಕಾಯಿದೆಗೆ ವಿರುದ್ಧವಾದ್ದರಿಂದ ಅವನ್ನು ಹಿಂದಿರುಗಿಸಬೇಕಾಯಿತು. 1949ರ ಮಾರ್ಚ್‌ನಲ್ಲಿ ಬಟ್ಟೆಯ ಪಡಿತರ ಕೊನೆಗೊಳ್ಳುವ ಹೊತ್ತಿಗೆ ಉದ್ದ ಲಂಗ ಬೀದಿಬೀದಿಯಲ್ಲೂ ಕಾಣುತ್ತಿತ್ತು. ಡಿಯೋರ್ ಮಾರಿದ್ದು ಬಟ್ಟೆಯನ್ನು ಮತ್ತು ಹೆಸರನ್ನು. ಆ ಹೆಂಗಸರು ತೆಗೆದುಕೊಂಡದ್ದು ಅವನ ರೇಖೆಯನ್ನು. ರೇಖೆಗೆ ಬೆಲೆಯಿಲ್ಲ, ನೋಡಬಲ್ಲ ಕಣ್ಣಿಗೆ ಅದು ಬಿಟ್ಟಿಯಾಗಿಯೇ ಸಿಕ್ಕುತ್ತದೆ.

ದೂರದೇಶದ ಈ ಕಥೆಯನ್ನು ಓದಿದಾಗ ನನಗೆ ನನ್ನ ತಾಯಿಯ ನೆನಪಾಯಿತು. ಅವರು ಲಂಗ ಹೊಲಿಸುವಾಗ ಅಂಚಿನ ಮೇಲೆ ಎರಡು ಮೂರು ಸಾಲು ಮಡಿಕೆ ಹಾಕಿಸುತ್ತಿದ್ದರು. ನಾವು ಬೆಳೆದಂತೆಲ್ಲ ವರ್ಷಕ್ಕೊಂದು ಮಡಿಕೆ ಬಿಚ್ಚಿ ಲಂಗವನ್ನು ಉದ್ದ ಮಾಡುವರು. ಅಮ್ಮನ ಸೀರೆ ನಮಗೆ ಲಂಗವಾಗಿ, ಲಂಗ ದಿಂಬಿನ ಚೀಲವಾಗಿ, ಕೊನೆಗೆ ಒಲೆಯ ಬಳಿ ಮಸಿಬಟ್ಟೆಯಾಗಿ ತನ್ನ ಋಣ ತೀರಿಸಿಕೊಳ್ಳುತ್ತಿತ್ತು. ಇದಕ್ಕೆ ನಾವು ದೊಡ್ಡ ಹೆಸರನ್ನೇನೂ ಇಟ್ಟಿರಲಿಲ್ಲ. ಸಂಸಾರ ಎನ್ನುತ್ತಿದ್ದೆವು, ಅಷ್ಟೆ.

1973ರಲ್ಲಿ 'ಬಾಬಿ' ಚಿತ್ರ ತೆರೆಗೆ ಬಂದಿತು. ನಾನಾಗ ಕಾಲೇಜಿನ ಹುಡುಗಿ. ಡಿಂಪಲ್ ತೊಟ್ಟಂಥ ಚುಕ್ಕಿಯ ಬಟ್ಟೆಗೆ 'ಬಾಬಿ ಪ್ರಿಂಟ್' ಎಂಬ ಹೆಸರೇ ಬಿದ್ದಿತು. ನನಗೂ ಅದರ ರವಿಕೆ ಬೇಕೆಂಬ ಹಟ. ತಂದೆ ಶಾಲಾ ಉಪಾಧ್ಯಾಯರು. ಮನೆಯಲ್ಲಿ ನಾವು ನಾಲ್ವರು ಮಕ್ಕಳು. ಅಮ್ಮ ಕಟ್‌ಪೀಸಿನ ಅಂಗಡಿಯಲ್ಲಿ ಹುಡುಕಿ ಒಂದು ತುಂಡು ತಂದರು. ಅದು ತೋಳಿಗೆ ಸಾಲದು. ದರ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತೋಳಿಗೆ ಸಾದಾ ಬಟ್ಟೆ ಹಾಕಿ, ಅದರ ಅಂಚಿಗೆ ಚುಕ್ಕಿ ಪಟ್ಟಿ ಕೊಡ್ತೀನಿ, ಅಮ್ಮಾವ್ರೆ. ಒಳಗೆ ಒಂದಿಂಚು ಬಟ್ಟೆ ಬಿಟ್ಟಿರ್ತೀನಿ. ಮುಂದಕ್ಕೆ ಮಗು ದಪ್ಪ ಆದ್ರೆ ಬಿಚ್ಚಿಕೋಬಹುದು" ಎಂದರು. ಸಾದಾ ತೋಳನ್ನು ಕಂಡು ನಾನು ಎರಡು ದಿನ ಮುನಿಸಿಕೊಂಡಿದ್ದೆ. ಆದರೆ ಆ ರವಿಕೆಯನ್ನು ಪದವಿ ಮುಗಿಯುವವರೆಗೆ ತೊಟ್ಟೆ. ಆ ಒಂದಿಂಚನ್ನು ಬಿಚ್ಚಿದ್ದೂ ಉಂಟು. ಆಮೇಲೆ ಅದು ತಂಗಿಯ ಪಾಲಾಯಿತು. 'ಬಾಬಿ'ಯ ಗದ್ದಲ ಅಡಗಿದ ಮೇಲೂ ರವಿಕೆ ಉಳಿದಿತ್ತು.

ಈಗ ಕಾಲ ಬದಲಾಗಿದೆ. ಬೆಳಗ್ಗೆ ಪ್ಯಾರಿಸ್ಸಿನಲ್ಲೋ ಮುಂಬಯಿಯಲ್ಲೋ ಕಾಣಿಸಿದ ಮಾದರಿ ಸಂಜೆಯ ಹೊತ್ತಿಗೆ ನಮ್ಮ ಅಂಗೈಯ ಫೋನಿನಲ್ಲಿರುತ್ತದೆ. ಕೆಲವು ವಾರಗಳಲ್ಲಿ ಅದರ ಅಗ್ಗದ ನಕಲು ಬಾಗಿಲಿಗೇ ಬರುತ್ತದೆ. ಸ್ವಲ್ಪ ಸಮಯದ ಹಿಂದೆ ನಾನೂ ಆಸೆಪಟ್ಟು 299 ರೂಪಾಯಿಯಂತೆ ಮೂರು ಕುರ್ತಾಗಳನ್ನು ತರಿಸಿದೆ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ಒಂದು. ಅಗ್ಗವೆಂದು ಮೂರು ತರಿಸಿದೆ. ಮೂರು ಒಗೆತಕ್ಕೆ ಹೆಗಲು ಜೋತುಬಿದ್ದು ಪಕ್ಕದ ಹೊಲಿಗೆ ಬಿಟ್ಟುಕೊಂಡಿತು.

ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿರುವ ಹೆಣ್ಣುಮಗಳೊಬ್ಬಳು ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುತ್ತಾಳೆ. ಅವಳಿಗೆ ಕುರ್ತಾ ತೋರಿಸಿ, ಇದನ್ನು ಸರಿಮಾಡಬಹುದೇ ಎಂದು ಕೇಳಿದೆ. ಅವಳು ಮೊದಲು ಮಾಡಿದ ಕೆಲಸವೆಂದರೆ ಅದನ್ನು ಒಳಮಗ್ಗುಲಿಗೆ ತಿರುಗಿಸಿದ್ದು. "ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲಮ್ಮ, ಬಿಚ್ಚಿ ಏನು ಮಾಡೋದು?" ಎಂದಳು. ನೀನೇ ಒಂದು ಹೊಸದನ್ನು ಹೊಲಿದುಕೊಡಬಾರದೇ ಎಂದೆ. ಅವಳು ನಕ್ಕು, "ನಂದು ತೋಳು ಕೂರಿಸೋ ಕೆಲಸ ಅಮ್ಮ. ಗಂಟೆಗೆ ಇಷ್ಟು ಅಂತ ಲೆಕ್ಕ ಕೊಡ್ಬೇಕು. ಇಡೀ ಬಟ್ಟೆ ಹೊಲಿಯೋಕೆ ನಂಗೆ ಬರಲ್ಲ" ಎಂದಳು. ದಿನಕ್ಕೆ ನೂರಾರು ತೋಳು ಕೂರಿಸುವವಳಿಗೆ ಒಂದು ಅಂಗಿ ಹೊಲಿಯಲು ಬಾರದು! ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಮ್ಮ ದರ್ಜಿಗೆ ಬಟ್ಟೆಯೂ ಗೊತ್ತಿತ್ತು, ತೊಡುವ ಹುಡುಗಿಯೂ ಗೊತ್ತಿದ್ದಳು.

ನನ್ನ 299 ರೂಪಾಯಿಯ ಲೆಕ್ಕದಲ್ಲಿ ಸೇರದ ಬೆಲೆಯೊಂದು ಬೇರೆಲ್ಲೋ ಪಾವತಿಯಾಗುತ್ತಿರುತ್ತದೆ. 2013ರ ಏಪ್ರಿಲ್ 24ರಂದು ಢಾಕಾದ ಬಳಿಯ ಸಾವರ್‌ನಲ್ಲಿ, ಪಾಶ್ಚಾತ್ಯ ಮಾರುಕಟ್ಟೆಗೆ ಸಿದ್ಧ ಉಡುಪು ಹೊಲಿಯುತ್ತಿದ್ದ ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಆದರೂ ಕೆಲಸಗಾರರನ್ನು ಒಳಗೆ ಕರೆಯಲಾಗಿತ್ತು. ನಮ್ಮ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಸಾವಿರಾರು ಗಾರ್ಮೆಂಟ್ಸ್ ಕೆಲಸಗಾರರು, ಅವರಲ್ಲಿ ಬಹುಪಾಲು ಹೆಂಗಸರು, ರಸ್ತೆಗಿಳಿದದ್ದನ್ನು ನೀವು ಬಲ್ಲಿರಿ. ತಮ್ಮ ಭವಿಷ್ಯನಿಧಿಯ ಹಣವನ್ನು ಪೂರ್ತಿಯಾಗಿ ಹಿಂಪಡೆಯದಂತೆ ತಡೆಯುವ ನಿಯಮವನ್ನು ಅವರು ವಿರೋಧಿಸಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಊರಿಗೆಲ್ಲ ಬಟ್ಟೆ ಹೊಲಿಯುವ ಕೈಗಳನ್ನು ಊರು ಕಣ್ಣಾರೆ ಕಂಡದ್ದು ಅಂದು.

ಹಾಗೆಂದು ಅಗ್ಗದ ಬಟ್ಟೆ ಕೊಳ್ಳುವುದೇ ಪಾಪವೆಂದು ನಾನು ಬೋಧಿಸಲಾರೆ. ಒಂದೇ ಬಾರಿಗೆ 3,000 ರೂಪಾಯಿ ಕೊಟ್ಟು ಕೈಮಗ್ಗದ ಸೀರೆ ತೆಗೆಯುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಹಾಕೋಣ. ಮೂರು ಬಾರಿ ತೊಟ್ಟು ಎಸೆದ 299ರ ಕುರ್ತಾಕ್ಕೆ ಒಂದೊಂದು ಸಲಕ್ಕೂ ಸುಮಾರು 100 ರೂಪಾಯಿ ಬಿದ್ದಿತು. 3,000ದ ಸೀರೆಯನ್ನು ನೂರು ಸಲ ಉಟ್ಟರೆ ಒಂದು ಸಲಕ್ಕೆ ಬೀಳುವುದು 30 ರೂಪಾಯಿ. ಬಟ್ಟೆಯ ಬೆಲೆ ಚೀಟಿಯಲ್ಲಿ ಬರೆದಷ್ಟಲ್ಲ. ಅದು ಮೈಮೇಲೆ ಎಷ್ಟು ಸಲ ಬಂದಿತು ಎಂಬುದರಿಂದ ಭಾಗಿಸಿದಷ್ಟು.

ಕಡಮೆ ಹಣದಲ್ಲಿ ಚೆನ್ನಾಗಿ ಕೊಳ್ಳುವುದನ್ನು ನಾನು ಕಲಿತದ್ದು ಆ ಹೆಣ್ಣುಮಗಳಿಂದಲೇ. ರಫ್ತಿನಿಂದ ತಿರಸ್ಕೃತವಾಗಿ ರಸ್ತೆಬದಿಯಲ್ಲಿ ರಾಶಿ ಬಿದ್ದ ಮಾಲಿನಲ್ಲಿ ಅವಳು ಕೊಂಡ ಅಂಗಿ ನಾಲ್ಕು ವರ್ಷವಾದರೂ ಗಟ್ಟಿಯಾಗಿದೆ. ಅವಳು ಮೊದಲು ಒಳಗಿನ ಹೊಲಿಗೆ ನೋಡುತ್ತಾಳೆ; ಅಂಚಿನಲ್ಲಿ ಅರ್ಧ ಇಂಚಾದರೂ ಬಟ್ಟೆ ಬಿಟ್ಟಿರಬೇಕು. ಬಳಿಕ ಬಟ್ಟೆಯನ್ನು ಬೆಳಕಿಗೆ ಹಿಡಿಯುತ್ತಾಳೆ. ಎಳೆಗಳ ನಡುವೆ ಬೆಳಕು ಧಾರಾಳವಾಗಿ ನುಸುಳಿದರೆ ಅಲ್ಲಿಯೇ ಬಿಡುತ್ತಾಳೆ. ಕೊನೆಗೆ, ಮನೆಯಲ್ಲಿರುವ ಎರಡು ಮೂರು ಬಟ್ಟೆಗಳಿಗಾದರೂ ಇದು ಜೊತೆಯಾಗುವುದೇ ಎಂದು ಯೋಚಿಸುತ್ತಾಳೆ. ಇವುಗಳ ಜೊತೆಗೆ ನನ್ನದೂ ಒಂದು ಮಾತು ಸೇರಿಸುತ್ತೇನೆ: ಹೊಸ ಮಾದರಿ ಕಣ್ಣಿಗೆ ಬಿದ್ದೊಡನೆ ಕೊಳ್ಳಬೇಡಿ, ಮೂರು ತಿಂಗಳು ಕಾಯಿರಿ. ಆಗಲೂ ಮೆಚ್ಚುಗೆಯಾದರೆ, ಮನೆಯ ಹತ್ತಿರದ ದರ್ಜಿಯ ಬಳಿ ಹೋಗಿ, ಇರುವ ಸೀರೆಗೆ ಹೊಸ ಬಗೆಯ ಕತ್ತಿನ ರವಿಕೆಯೊಂದನ್ನು ಹೊಲಿಸಿ. ರವಿಕೆ ಹೊಸದಾದರೆ ಹಳೆಯ ಇಳಕಲ್ಲೂ ಹೊಸದಾಗಿ ಕಾಣುತ್ತದೆ. ದರ್ಜಿಯ ಮನೆಯ ಒಲೆಯೂ ಉರಿಯುತ್ತದೆ.

ಆ ಎರಡು ಗಾದೆಗಳಿಗೆ ಪರಸ್ಪರ ಜಗಳವಿಲ್ಲವೆಂದು ಈಗ ನನಗೆ ತೋರುತ್ತದೆ. ನೋಟ ಪರರಿಚ್ಛೆ ಎಂಬುದು ನಿಜ. ಆ ಪರರಲ್ಲಿ ನಮ್ಮನ್ನು ನೋಡುವವರಂತೆ ನಮಗಾಗಿ ಹೊಲಿದವರೂ ಸೇರಿದ್ದಾರೆ. ಆದ್ದರಿಂದ, ಶ್ರೋತೃಗಳೇ, ಮುಂದಿನ ಸಲ ಅಂಗಡಿಗೆ ಹೋದಾಗ ಬೆಲೆಚೀಟಿಯನ್ನು ನೋಡುವ ಮೊದಲು ಬಟ್ಟೆಯನ್ನು ಒಮ್ಮೆ ಒಳಮಗ್ಗುಲಿಗೆ ತಿರುಗಿಸಿ ನೋಡಿ. ಅಲ್ಲಿ ಒಂದಿಂಚು ಬಟ್ಟೆ ಬಿಟ್ಟಿದ್ದರೆ, ಅದು ನಿಮ್ಮೊಡನೆ ಬಹುಕಾಲ ಇರಲೆಂದು ಬಯಸಿದ ಕೈ ಹೊಲಿದದ್ದು ಎಂದು ತಿಳಿಯಿರಿ.