ನೇಣಿಗೇರಿದ ಕಲ್ಯಾಣಪ್ಪ ಯಾರು?

(ಬಂಟ್ವಾಳದಲ್ಲಿ ಮಾಡಿದ ಭಾಷಣದ ಬರಹರೂಪ)



ಮನುಷ್ಯನೊಬ್ಬ ಕಾಣೆಯಾದರೆ ವರದಿಗಾರ ಮೊದಲು ಕೇಳುವ ಪ್ರಶ್ನೆ, ‘ಕೊನೆಗೆ ನೋಡಿದವರು ಯಾರು?’ ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಇನ್ನೊಂದು. ಮಾತಿಗೆ ಮಾತು ತಾಳೆಯಾಗದಿದ್ದಾಗ ‘ಎಲ್ಲವೂ ಸುಳ್ಳು’ ಎಂದು ಕೈಬಿಡುವುದು ಸುಲಭ. ಅದು ಸರಿಯೇ? ನಮ್ಮ ಊರಿನ ಮೇಲೆಯೇ ಹಾದುಹೋದ ಹಳೆಯ ಪ್ರಸಂಗವೊಂದನ್ನು ನೋಡೋಣ.

1834ರಲ್ಲಿ ಕಂಪೆನಿ ಸರಕಾರ ಕೊಡಗಿನ ಅರಸ ಚಿಕ್ಕವೀರರಾಜನನ್ನು ಪಟ್ಟದಿಂದ ಇಳಿಸಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳು ಕೆನರಾ ಜಿಲ್ಲೆಯ ಪಾಲಾದವು. ಬೆಳೆಯ ರೂಪದಲ್ಲಿ ಕಂದಾಯ ಕೊಡುತ್ತಿದ್ದ ರೈತ ಇನ್ನು ನಗದು ತರಬೇಕಾಯಿತು. ಭತ್ತವಿದ್ದವನ ಬಳಿ ಹಣವಿರಲಿಲ್ಲ. ಇದೇ ಹೊತ್ತಿನಲ್ಲಿ ಕೊಡಗಿನ ರಾಜವಂಶದವರೆಂದು ಹೇಳಿಕೊಂಡು ಜಂಗಮ ವೇಷದ ಇಬ್ಬರು ಕಾಣಿಸಿಕೊಂಡರು. ಅಪರಾಂಪರ ಸಿಕ್ಕಿಬಿದ್ದು ತಿರುಚಿನಾಪಳ್ಳಿಯ ಸೆರೆ ಸೇರಿದ. ಕಲ್ಯಾಣಸ್ವಾಮಿ ಮೈಸೂರಿನಲ್ಲಿ ಬಂಧಿಯಾದ. ಜನರ ಪಾಲಿಗೆ ಆತ ಕಾಣೆಯಾದವನೇ.

ಆದರೆ 1837ರಲ್ಲಿ ಸುಳ್ಯದ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ರೈತರು ದಂಗೆಯೆದ್ದಾಗ ಅವರ ಮುಂದೆ ‘ಕಲ್ಯಾಣಸ್ವಾಮಿ’ ಇದ್ದ! ಬೆಳ್ಳಾರೆ, ಪುತ್ತೂರು ದಾಟಿ ದಂಡು ಪಾಣೆಮಂಗಳೂರು, ಬಂಟ್ವಾಳಕ್ಕೆ ಬಂತು. ನಂದಾವರದ ಲಕ್ಷ್ಮಪ್ಪ ಬಂಗರಸ ಕೈಜೋಡಿಸಿದ. ಬೆಳ್ತಂಗಡಿಯ ಬಂಗಾಡಿ ಮೂಲದ ಹಳೆಯ ಅರಸು ಮನೆತನ ಅವನದು. ಏಪ್ರಿಲ್ 5ರಂದು ಮಂಗಳೂರು ದಂಗೆಕೋರರ ವಶವಾಯಿತು. ಬಾವುಟಗುಡ್ಡೆಯಲ್ಲಿ ಅವರ ಬಾವುಟ 13 ದಿನ ಹಾರಿತು.

ಸೆರೆಯಲ್ಲಿದ್ದವನು ಇಲ್ಲಿಗೆ ಬಂದದ್ದು ಹೇಗೆ? ಕಂಪೆನಿಯ ಪ್ರಕಾರ ಈತ ಉತ್ತರ ಕೊಡಗಿನ ಪುಟ್ಟಬಸಪ್ಪ, ವೇಷಧಾರಿ. ಹಿಂದೆ ನಡೆದವರ ಪಾಲಿಗೆ ಆತ ಅರಸನೇ. ಮುಂದಾಳುಗಳಿಗಂತೂ ಗುಟ್ಟು ಗೊತ್ತಿತ್ತು. ಹಳ್ಳಿ ಹಳ್ಳಿಯ ಜನ ಒಟ್ಟಾಗಲು ಅರಸು ಮನೆತನದ ಹೆಸರೊಂದು ಬೇಕಿತ್ತು. ಅದನ್ನು ಬಸಪ್ಪನಿಗೆ ತೊಡಿಸಿದರು.

ಈ ಮಾತುಗಳಲ್ಲಿ ಸುಳ್ಳು ಯಾವುದು? ‘ವೇಷಧಾರಿ’ ಎಂದರೆ ರೈತರ ದೂರನ್ನೇ ಮುಚ್ಚಿಹಾಕಬಹುದು. ಕಂಪೆನಿಗೆ ಅದು ಅನುಕೂಲ. ‘ನಾವು ಅರಸನೆಂದು ನಂಬಿದೆವು’ ಎಂದರೆ ಹಿಂಬಾಲಿಸಿದ ಬಡವ ತಲೆ ಉಳಿಸಿಕೊಳ್ಳಬಹುದು. ಅರಸನ ಮುಖವನ್ನೇ ಕಾಣದ ಹಳ್ಳಿಗ ನಿಜವಾಗಿ ನಂಬಿರಲೂಬಹುದು. ಹೆಸರಿನ ಬಗ್ಗೆ ಮಾತು ಬೇರೆಯಾದರೂ ನಗದು ಕಂದಾಯದ ಸಂಕಟ ಸುಳ್ಳಾಗುವುದಿಲ್ಲ.

ಕಣ್ಣಾನೂರು ಕಡೆಯಿಂದ ಸೈನ್ಯ ಬಂದ ಮೇಲೆ ದಂಗೆ ಮುರಿಯಿತು. ಪುಟ್ಟಬಸಪ್ಪನನ್ನೂ ಬಂಗರಸನನ್ನೂ ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಅದೇ ಗತಿಯಾಯಿತು. ದಂಗೆಗೆ ಉಳಿದ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಬರೀ ಪುಂಡಾಟಿಕೆ! ಪುಟ್ಟಬಸಪ್ಪ ಪ್ರಾಣದ ಜೊತೆಗೆ ಹೆಸರನ್ನೂ ಕಳೆದುಕೊಂಡ.

ಸಂಶೋಧಕರು ಇದನ್ನು ‘ಅಮರ ಸುಳ್ಯ ರೈತ ಹೋರಾಟ’ ಎಂದು ಕರೆದ ಮೇಲೆ ನೋಟ ಬದಲಾಯಿತು. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ನಿಂತಿತು.

ಆದ್ದರಿಂದ ಸ್ನೇಹಿತರೇ, ಇಂದು ಯಾರಾದರೂ ಕಾಣೆಯಾಗಿ ಊರವರ ಮಾತು ಹತ್ತು ಬಗೆಯಾದರೆ ಅವನ್ನು ಹೊಲಿದು ಒಂದೇ ಕಥೆ ಮಾಡಬೇಡಿ, ಎಲ್ಲವನ್ನೂ ಎಸೆಯಲೂಬೇಡಿ. ಯಾರು, ಯಾವಾಗ, ಯಾರ ಎದುರು, ಯಾವ ಭಯದಲ್ಲಿ ಹೇಳಿದರು ಎಂದು ಬರೆದಿಡಿ. ಕಣ್ಣಾರೆ ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆ ಇಡಿ. ಮನೆಯವರು ಕಾಯುತ್ತಿರುವುದು ಅಷ್ಟಕ್ಕೇ.